ಕಾರಿನ ಕೊನೆಯ ಅಂಕಿ ಮತ್ತು ನಿಮ್ಮ ವಾರದ ಓಡಾಟ: ಹೊಸಬರಿಗೆ ಮಾರ್ಗದರ್ಶಿ

ಹೊಸ ನಗರಕ್ಕೆ ಬಂದು ನೆಲೆಸುವ ಕುಟುಂಬಗಳು ಮನೆ, ಶಾಲೆ, ಬ್ಯಾಂಕ್ ಖಾತೆಗಳ ವಿಚಾರವನ್ನು ಮುಂಚಿತವಾಗಿಯೇ ವಿಚಾರಿಸಿಕೊಂಡಿರುತ್ತವೆ. ಆದರೆ ಕಾರಿನ ನಂಬರ್ ಪ್ಲೇಟ್ ನೋಡಿ, ಅದು ಇಂದು ರಸ್ತೆಗಿಳಿಯಬಹುದೇ ಇಲ್ಲವೇ ಎಂದು ನಿರ್ಧರಿಸುವ ನಿಯಮವೊಂದಿದೆ ಎಂಬುದು ಹಲವರಿಗೆ ತಿಳಿಯುವುದು ದಂಡದ ಚೀಟಿ ಕೈಗೆ ಬಂದ ಮೇಲೆಯೇ. ಮೆಕ್ಸಿಕೊ ನಗರದಲ್ಲಿ 1989ರಿಂದ, ಸಾವೊ ಪಾಲೊದಲ್ಲಿ 1997ರಿಂದ, ಬೊಗೊಟಾದಲ್ಲಿ 1998ರಿಂದ ಇಂಥ ನಿಯಮಗಳಿವೆ. ಮನಿಲಾ, ಜಕಾರ್ತ, ಬೀಜಿಂಗ್ ನಗರಗಳಲ್ಲಿಯೂ ನಿತ್ಯದ ಬದುಕು ಇದನ್ನು ಅನುಸರಿಸಿಯೇ ಸಾಗುತ್ತದೆ. ಇಂಥ ನಗರಕ್ಕೆ ಬರುವ ನಮ್ಮವರು ಕಾರು ಕೊಳ್ಳುವುದಕ್ಕೂ ಬಾಡಿಗೆ ಮನೆಯ ಕರಾರಿಗೆ ಸಹಿ ಹಾಕುವುದಕ್ಕೂ ಮೊದಲೇ ಈ ನಿಯಮವನ್ನು ಅರಿತಿರಬೇಕೆಂಬುದು ಸಂಘದ ಕಳಕಳಿಯ ವಿನಂತಿ.

ನಿಯಮದಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಪ್ರತಿ ಕೆಲಸದ ದಿನಕ್ಕೂ ಎರಡು ಅಂಕಿಗಳನ್ನು ಗೊತ್ತುಪಡಿಸಲಾಗಿರುತ್ತದೆ. ಸಾವೊ ಪಾಲೊ ಮತ್ತು ಮನಿಲಾಗಳಲ್ಲಿ ಸೋಮವಾರ 1 ಮತ್ತು 2, ಮಂಗಳವಾರ 3 ಮತ್ತು 4, ಹೀಗೆ ಮುಂದುವರಿದು ಶುಕ್ರವಾರ 9 ಮತ್ತು 0 ಅಂಕಿಯಲ್ಲಿ ಕೊನೆಗೊಳ್ಳುವ ವಾಹನಗಳಿಗೆ ನಿರ್ಬಂಧವಿರುತ್ತದೆ. ಎರಡನೆಯದು ಸಮ-ಬೆಸ ಪದ್ಧತಿ: ಬೆಸ ತಾರೀಖಿನಂದು ಬೆಸ ಅಂಕಿಯ ಕಾರು, ಸಮ ತಾರೀಖಿನಂದು ಸಮ ಅಂಕಿಯ ಕಾರು ಮಾತ್ರ ರಸ್ತೆಗಿಳಿಯಬಹುದು. ದೆಹಲಿಯಲ್ಲಿ 2016ರ ಜನವರಿಯಲ್ಲಿ ಹದಿನೈದು ದಿನಗಳ ಮಟ್ಟಿಗೆ ಜಾರಿಗೆ ಬಂದದ್ದು ಇದೇ. ಜಕಾರ್ತದ ಮುಖ್ಯ ರಸ್ತೆಗಳಲ್ಲಿ ಈಗಲೂ ನಡೆಯುತ್ತಿರುವುದು ಇದೇ. ಸೊನ್ನೆಯನ್ನು ಸಮ ಅಂಕಿಯೆಂದೇ ಎಣಿಸಲಾಗುತ್ತದೆ.

ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಈ ಎರಡರ ನಡುವಿನ ವ್ಯತ್ಯಾಸ ದೊಡ್ಡದು. ವಾರದ ಲೆಕ್ಕದ ನಿಯಮವಿದ್ದರೆ ಕಾರಿಲ್ಲದ ದಿನ ಯಾವುದೆಂದು ನಿಶ್ಚಿತವಾಗಿರುತ್ತದೆ. ಆ ದಿನ ಮನೆಯಿಂದಲೇ ಕೆಲಸ ಮಾಡಲು ಕಚೇರಿಯಲ್ಲಿ ಅನುಮತಿ ಪಡೆಯಬಹುದು, ವೈದ್ಯರ ಭೇಟಿಯನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಬಹುದು. ಸಮ-ಬೆಸ ಪದ್ಧತಿಯಲ್ಲಿ ಈ ಸೋಮವಾರ ಓಡಿಸಬಹುದಾದ ಕಾರನ್ನು ಸಾಮಾನ್ಯವಾಗಿ ಮುಂದಿನ ಸೋಮವಾರ ಓಡಿಸುವಂತಿಲ್ಲ. ಅದರ ಮೇಲೆ, ಮೂವತ್ತೊಂದು ದಿನಗಳ ತಿಂಗಳು ಮುಗಿದಾಗ 31 ಮತ್ತು 1 ಎರಡೂ ಬೆಸ ತಾರೀಖುಗಳಾಗಿ ಒಂದರ ಹಿಂದೊಂದು ಬರುವುದರಿಂದ, ಅವೆರಡೂ ಕೆಲಸದ ದಿನಗಳಾಗಿದ್ದರೆ ಸಮ ಅಂಕಿಯ ಕಾರು ಸತತ ಎರಡು ದಿನ ಮನೆಯಲ್ಲೇ ನಿಲ್ಲಬೇಕಾಗುತ್ತದೆ. ಕ್ಯಾಲೆಂಡರಿನಲ್ಲಿ ಈ ದಿನಗಳನ್ನು ಮೊದಲೇ ಗುರುತು ಹಾಕಿಟ್ಟುಕೊಳ್ಳಿ. ಬೀಜಿಂಗಿನಲ್ಲಿ ಅಂಕಿಗಳ ಜೋಡಿ ಬದಲಾಗುವುದಿಲ್ಲ, ಆದರೆ ಆ ಜೋಡಿಗೆ ನಿಗದಿಯಾದ ವಾರದ ದಿನ ಸುಮಾರು ಹದಿಮೂರು ವಾರಗಳಿಗೊಮ್ಮೆ ಬದಲಾಗುತ್ತದೆ.

ದಿನದಷ್ಟೇ ಮುಖ್ಯವಾದದ್ದು ಗಂಟೆ. ಸಾವೊ ಪಾಲೊದಲ್ಲಿ ನಿರ್ಬಂಧವಿರುವುದು ಬೆಳಿಗ್ಗೆ 7ರಿಂದ 10 ಮತ್ತು ಸಂಜೆ 5ರಿಂದ 8ರವರೆಗೆ ಮಾತ್ರ. ಮೆಕ್ಸಿಕೊ ನಗರದಲ್ಲಾದರೋ ಬೆಳಗಿನ 5ರಿಂದ ರಾತ್ರಿ 10ರವರೆಗೆ. ನಿರ್ಬಂಧ ಶುರುವಾಗುವುದಕ್ಕೆ ಮೊದಲು ಹೊರಟಿದ್ದೇವೆ ಎಂಬ ಸಮಾಧಾನದಲ್ಲಿ ಇರಬೇಡಿ. ನೀವು ಹೊರಟ ಗಂಟೆಯನ್ನು ಯಾರೂ ಕೇಳುವುದಿಲ್ಲ. ಕ್ಯಾಮೆರಾ ಕಂಡ ಗಳಿಗೆಯಲ್ಲಿ ನೀವು ಎಲ್ಲಿದ್ದಿರಿ ಎಂಬುದೇ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡರೂ ಸಮಯಕ್ಕೆ ಮುಂಚೆ ತಲುಪುವಷ್ಟು ಬಿಡುವಿಟ್ಟುಕೊಂಡು ಹೊರಡಬೇಕು. ವ್ಯಾಪ್ತಿಯೂ ನಗರದಿಂದ ನಗರಕ್ಕೆ ಬೇರೆ: ಬೀಜಿಂಗಿನಲ್ಲಿ ಐದನೆಯ ವರ್ತುಲ ರಸ್ತೆಯ ಒಳಭಾಗ, ಜಕಾರ್ತದಲ್ಲಿ ಹೆಸರಿಸಿದ ಕೆಲವು ರಸ್ತೆಗಳು. ಮನೆ ಹುಡುಕುವಾಗಲೇ ಈ ಗಡಿಯನ್ನು ನಕ್ಷೆಯಲ್ಲಿ ನೋಡಿಕೊಂಡರೆ, ಶಾಲೆಯೂ ಕಚೇರಿಯೂ ಗಡಿಯ ಯಾವ ಬದಿಗಿವೆ ಎಂಬುದು ಸ್ಪಷ್ಟವಾಗುತ್ತದೆ.

ವಿನಾಯಿತಿಗಳನ್ನು ಊಹೆಯ ಮೇಲೆ ನಂಬಬೇಡಿ. ಹಲವು ನಗರಗಳಲ್ಲಿ ವಿದ್ಯುತ್ ಚಾಲಿತ ಕಾರುಗಳಿಗೆ ನಿರ್ಬಂಧವಿಲ್ಲ. ಮೆಕ್ಸಿಕೊ ನಗರದಲ್ಲಿ ಹೊಗೆ ತಪಾಸಣೆಯ ನಂತರ ಅಂಟಿಸುವ ಹಾಲೊಗ್ರಾಮಿನ ದರ್ಜೆಯ ಮೇಲೆ ವಿನಾಯಿತಿ ಸಿಗುತ್ತದೆ. ಬೊಗೊಟಾದಲ್ಲಿ ಹಣ ಕಟ್ಟಿ ಅನುಮತಿ ಪಡೆಯುವ ವ್ಯವಸ್ಥೆಯಿದೆ. ಒಂದು ನಗರದ ವಿನಾಯಿತಿ ಇನ್ನೊಂದರಲ್ಲಿ ನಡೆಯುವುದಿಲ್ಲ. ಬೇರೆ ಊರಿನ ನೋಂದಣಿಯ ಕಾರಿಗೆ ನಿಯಮ ಇನ್ನೂ ಬಿಗಿಯಾಗಿರುವುದುಂಟು. ಬಾಡಿಗೆ ಕಾರಿಗೂ ನಿಯಮ ಅನ್ವಯಿಸಬಹುದು. ಗೊತ್ತುಮಾಡುವಾಗಲೇ ಅದರ ಕೊನೆಯ ಅಂಕಿಯನ್ನು ಕೇಳಿ. ಮನೆಯಲ್ಲಿ ಯಾರಿಗಾದರೂ ತೀವ್ರ ಅಸ್ವಸ್ಥತೆಯಾದಾಗ ವಿನಾಯಿತಿಯ ಚರ್ಚೆಗೆ ಹೊತ್ತು ಕಳೆಯದೆ ಆಂಬುಲೆನ್ಸ್ ಕರೆಯಿರಿ.

ಬೇರೆ ಅಂಕಿಯ ಎರಡನೆಯ ಕಾರು ಕೊಂಡರಾಯಿತು ಎಂಬ ಸಲಹೆ ನಿಮಗೂ ಬರುತ್ತದೆ. ಸಂಘ ಅದನ್ನು ಒಪ್ಪುವುದಿಲ್ಲ. ಮೆಕ್ಸಿಕೊ ನಗರದ ನಿಯಮದ ಕುರಿತು ಅರ್ಥಶಾಸ್ತ್ರಜ್ಞ ಲ್ಯೂಕಸ್ ಡೇವಿಸ್ 2008ರಲ್ಲಿ ಪ್ರಕಟಿಸಿದ ಅಧ್ಯಯನವು, ಗಾಳಿಯ ಗುಣಮಟ್ಟ ಸುಧಾರಿಸಿದ್ದಕ್ಕೆ ಪುರಾವೆ ಸಿಗಲಿಲ್ಲವೆಂದೂ, ನಿಯಮದಿಂದಾಗಿ ವಾಹನಗಳ ಸಂಖ್ಯೆಯೇ, ಅದರಲ್ಲೂ ಹಳೆಯ ಕಾರುಗಳ ಪಾಲು ಹೆಚ್ಚಿತೆಂದೂ ಹೇಳಿತು. ನಿಯಮದ ಉದ್ದೇಶವನ್ನೇ ಸೋಲಿಸುವ ಈ ದಾರಿಯಲ್ಲಿ ಹೊಸಬರಾದ ನಾವು ನಡೆಯಬಾರದು. ವಿಮೆ, ತೆರಿಗೆ, ನಿಲುಗಡೆಯ ಖರ್ಚೂ ಇಮ್ಮಡಿಯಾಗುತ್ತದೆ. ಅದಕ್ಕಿಂತ, ಒಂದೇ ಶಾಲೆಗೆ ಮಕ್ಕಳನ್ನು ಕಳುಹಿಸುವ ಎರಡು ಮನೆಗಳವರು, ಕಾರುಗಳ ಕೊನೆಯ ಅಂಕಿ ಬೇರೆಯಾಗಿದ್ದರೆ, ಸರದಿಯಲ್ಲಿ ಮಕ್ಕಳನ್ನು ಕರೆದೊಯ್ಯುವುದು ಎಷ್ಟೋ ಮೇಲು. ನಿಮ್ಮ ಬಡಾವಣೆ ಮತ್ತು ಕಾರಿನ ಕೊನೆಯ ಅಂಕಿಯನ್ನು ಸಂಘದ ಪದಾಧಿಕಾರಿಗಳಿಗೆ ತಿಳಿಸಿದರೆ, ಹೊಂದುವ ಕುಟುಂಬವನ್ನು ಪರಿಚಯಿಸಿಕೊಡುತ್ತೇವೆ. ಮಿಕ್ಕ ದಿನಗಳಿಗೆ ಮೆಟ್ರೊ ಅಥವಾ ಬಸ್ಸಿನ ಪಾಸ್ ಮಾಡಿಸಿಕೊಳ್ಳಿ, ಕಾರಿಲ್ಲದ ಮೊದಲ ದಿನ ಬರುವುದಕ್ಕೆ ಮುಂಚೆಯೇ ಆ ಮಾರ್ಗದಲ್ಲಿ ಒಮ್ಮೆ ಹೋಗಿಬನ್ನಿ.

ನಂಬರ್ ಪ್ಲೇಟ್ ಮರೆಮಾಡುವುದು, ಅಂಕಿ ತಿದ್ದುವುದು, ಬೇರೆ ಪ್ಲೇಟ್ ಹಾಕುವುದು ನಿರ್ಬಂಧ ಮೀರುವುದಕ್ಕಿಂತ ಗಂಭೀರವಾದ ಅಪರಾಧಗಳು. ವಿದೇಶದಲ್ಲಿರುವವರ ವೀಸಾದ ಮೇಲೂ ಅವುಗಳ ನೆರಳು ಬೀಳಬಹುದು. ಮಾಲಿನ್ಯ ಮಿತಿಮೀರಿದಾಗ ಮೆಕ್ಸಿಕೊ ನಗರದಲ್ಲಿ ಆಗುವಂತೆ ನಿರ್ಬಂಧವನ್ನು ತುರ್ತಾಗಿ ವಿಸ್ತರಿಸುವುದುಂಟು, ಸಾರ್ವಜನಿಕ ರಜೆಯಂದು ಸಡಿಲಿಸುವುದೂ ಉಂಟು. ಹಾಗಾಗಿ ಹಿಂದಿನ ರಾತ್ರಿಯೇ ನಗರ ಸಾರಿಗೆ ಇಲಾಖೆಯ ಪ್ರಕಟಣೆಯನ್ನು ನೋಡಿಕೊಳ್ಳಿ. ಹಳೆಯ ಕಾರು ಕೊಳ್ಳುವವರು ಬಾಕಿ ದಂಡಗಳ ವಿವರವನ್ನು ವ್ಯವಹಾರಕ್ಕೆ ಮೊದಲು ಪರಿಶೀಲಿಸಿ. ಊರು ಬಿಡುವಾಗ ಕಾರು ಮಾರಿದವರು ನೋಂದಣಿಯಲ್ಲಿ ಹೆಸರು ಬದಲಾದ ದಾಖಲೆಯನ್ನು ಪಡೆದ ಮೇಲೆಯೇ ಕೀಲಿಯನ್ನು ಕೈಬಿಡಬೇಕು, ಏಕೆಂದರೆ ಕ್ಯಾಮೆರಾ ಹಿಡಿದ ದಂಡದ ನೋಟಿಸು ಹೋಗುವುದು ನೋಂದಾಯಿತ ಮಾಲೀಕರ ಹೆಸರಿಗೆ.