ಕೊನ್ನಾರಿ ಗಡ್ಡೆ ಗುರುತಿಸುವುದು ಹೇಗೆ?

ಗದ್ದೆ ಬದು, ಕೆರೆಯಂಚು, ತೇವ ಆರದ ತೋಟ ಎಲ್ಲೇ ನೋಡಿದರೂ ಕೊನ್ನಾರಿ ಗಡ್ಡೆ ಸಿಗುತ್ತದೆ. ಕೆಲವು ಕಡೆ ಜೇಕು, ಕೆಲವು ಕಡೆ ತುಂಗೆ ಹುಲ್ಲು. ಔಷಧಿ ಅಂಗಡಿಯಲ್ಲಿ ಕೇಳುವುದಾದರೆ ಭದ್ರಮುಷ್ಟಿ. ಸಸ್ಯಶಾಸ್ತ್ರದ ಹೆಸರು ಸೈಪೆರಸ್ ರೋಟಂಡಸ್. ಹುಲ್ಲು ಅಂತ ಕರೆದರೂ ಇದು ಹುಲ್ಲಿನ ಜಾತಿಯಲ್ಲ. ಬರೀ ಎಲೆ ನೋಡಿದರೆ ಗೊತ್ತಾಗುವುದಿಲ್ಲ.

ಮೊದಲು ಹೂ ಬಿಟ್ಟ ಗಿಡದ ದಂಟನ್ನು ಎರಡು ಬೆರಳ ನಡುವೆ ಇಟ್ಟು ಹೊರಳಿಸಿ. ಮೂರು ಏಣು ಕೈಗೆ ತಾಗಬೇಕು. ಉಗುರಿನಿಂದ ಚಿವುಟಿ ನೋಡಿ, ಒಳಗೆ ಟೊಳ್ಳಿರುವುದಿಲ್ಲ. ಬುಡದಿಂದ ಹೂವಿನವರೆಗೆ ಒಂದೂ ಗೆಣ್ಣಿಲ್ಲ. ಗರಿಕೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಗೊತ್ತಾಗುತ್ತದೆ, ಅಲ್ವಾ?

ಎಲೆಗಳು ಬುಡದಲ್ಲೇ ಗುಂಪಾಗಿ, ಮೂರು ದಿಕ್ಕಿಗೆ ಹೊರಡುತ್ತವೆ. ಇಷ್ಟು ಸಾಕು, ಮುಂದೆ ಹೋಗೋಣ.

ಈಗ ಹೂವು. ದಂಟಿನ ತುದಿಯಲ್ಲಿ ಎರಡರಿಂದ ನಾಲ್ಕು ಎಲೆಯಂಥ ಗರಿಗಳು, ಅವುಗಳ ನಡುವಿನಿಂದ ಕೊಡೆಯ ಕಡ್ಡಿಗಳಂತೆ ಹರಡಿದ ಸಣ್ಣ ಕವಲುಗಳು. ಕಡ್ಡಿಗಳ ಉದ್ದ ಒಂದೇ ಸಮ ಇರುವುದಿಲ್ಲ. ತುದಿಯ ತೆನೆಗಳು ಚಪ್ಪಟೆ, ಸಪೂರ. ಬಣ್ಣವನ್ನು ಬಿಸಿಲಲ್ಲಿ ಹಿಡಿದು ನೋಡಿ: ಕೆಂಪು ಬೆರೆತ ಕಂದು ಆದರೆ ನಮ್ಮ ಕೊನ್ನಾರಿ. ಹುಲ್ಲು ಒಣಗಿದಂಥ ಹಳದಿ ಇದ್ದರೆ ಅನುಮಾನಪಡಿ. ಭತ್ತದ ಗದ್ದೆಯಲ್ಲಿ ಜಾಸ್ತಿ ಕಾಣುವ ಸೈಪೆರಸ್ ಇರಿಯಾ ಹಳದಿ ತೆನೆಯದ್ದು. ಅದು ಒಂದೇ ವರ್ಷದ ಗಿಡ, ಬುಡದಲ್ಲಿ ಬರೀ ನಾರು ಬೇರು.

ಕೊನೆಯ ತೀರ್ಪು ಮಣ್ಣಿನೊಳಗಿದೆ. ಸುಮ್ನೆ ಎಳೆದರೆ ಗಿಡ ಮಾತ್ರ ಕೈಗೆ ಬರುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ. ಕಳೆ ಕೀಳುವವರ ಗೋಳೂ ಇದೇ. ಗುದ್ದಲಿಯಿಂದ ಸುತ್ತ ಬಿಡಿಸಿ, ಮಣ್ಣು ತೊಳೆಯಿರಿ. ತಂತಿಯಂಥ ಗಟ್ಟಿ ಬೇರಿನಲ್ಲಿ ಒಂದರ ಹಿಂದೊಂದು ಪೋಣಿಸಿಕೊಂಡ ಕಪ್ಪು ಗಡ್ಡೆಗಳು ಕಾಣುತ್ತವೆ. ಮೈಮೇಲೆ ಒರಟು ನಾರು, ಕತ್ತರಿಸಿದರೆ ಒಳಗೆ ಬಿಳಿ. ಮೂಗಿಗೆ ಹಿಡಿಯಿರಿ, ಘಮ್ಮೆನ್ನುವ ವಾಸನೆ. ಹತ್ತಿರದ ಸಂಬಂಧಿ ಸೈಪೆರಸ್ ಎಸ್ಕ್ಯುಲೆಂಟಸ್‌ನಲ್ಲಿ ಗಡ್ಡೆಗಳ ಸರಪಳಿ ಇಲ್ಲ; ಪ್ರತಿ ಬೇರಿನ ತುದಿಗೆ ಒಂದೊಂದೇ. ಅದರ ತೆನೆಯೂ ಹಳದಿ.

ಹೂವಿಲ್ಲದ ಕಾಲದಲ್ಲೂ ಈ ಗಡ್ಡೆಯ ಸರಪಳಿ ನೋಡಿದರೆ ಗುರುತು ಸಿಗುತ್ತದೆ. ನೋಡಿಯಾದ ಮೇಲೆ ಗಡ್ಡೆಗಳನ್ನು ಹೂಕುಂಡದ ಹತ್ತಿರ ಮಾತ್ರ ಬಿಸಾಡಬೇಡಿ. ಒಂದೊಂದು ಗಡ್ಡೆಯೂ ಹೊಸ ಗಿಡ ಆಗಬಲ್ಲದು.