ಆದೇಶದ ಕರಡು ಕೈಯಲ್ಲಿದ್ದಾಗ ನಡೆಯುವ ಮಾತುಕತೆ

ನಿಯಮಗಳ ಕರಡು ರಚಿಸುವ ಕೆಲಸದಲ್ಲಿ ನಾನು ರೂಢಿಸಿಕೊಂಡ ಕ್ರಮವೊಂದಿದೆ: ಸಂಬಂಧಪಟ್ಟವರನ್ನು ಚರ್ಚೆಗೆ ಕರೆಯುವ ಮೊದಲೇ, ಒಮ್ಮತ ಮೂಡದಿದ್ದರೆ ಸರ್ಕಾರ ಏನು ಮಾಡುತ್ತದೆ ಎಂಬುದನ್ನು ಕಡತದಲ್ಲಿ ಬರೆದು ಮೇಲಿನವರ ಅನುಮೋದನೆ ಪಡೆದಿಡುವುದು. ಕಾರ್ಖಾನೆಗಳ ತ್ಯಾಜ್ಯನೀರಿನ ಮಾಪನದ ನಿಯಮ ರೂಪಿಸುವಾಗ, ಮಾಪಕ ಅಳವಡಿಸುವ ಗಡುವಿನ ಜಾಗವನ್ನು ಖಾಲಿ ಬಿಟ್ಟು, ಅದರ ಕೆಳಗೆ ‘ನಿಗದಿತ ದಿನಾಂಕದೊಳಗೆ ಒಪ್ಪಂದವಾಗದಿದ್ದಲ್ಲಿ ಪ್ರಾಧಿಕಾರವು ನಿರ್ಧರಿಸಿದ ಅವಧಿಯೇ ಅನ್ವಯವಾಗತಕ್ಕದ್ದು’ ಎಂಬ ಉಪನಿಯಮವನ್ನು ಸೇರಿಸಿದೆ. ಅಲ್ಲಿಯವರೆಗೆ ‘ಪರಿಶೀಲಿಸುತ್ತೇವೆ’ ಎನ್ನುತ್ತಿದ್ದ ಉದ್ಯಮ ಪ್ರತಿನಿಧಿಗಳು, ಯಾವ ಗಾತ್ರದ ಘಟಕಕ್ಕೆ ಎಷ್ಟು ಕಾಲ ಬೇಕೆಂಬ ಲೆಕ್ಕವನ್ನು ಮುಂದಿನ ಸಭೆಗೆ ತಂದರು. ಆ ಲೆಕ್ಕ ಅವರ ಬಳಿ ಮಾತ್ರ ಇತ್ತು. ಬರಿಯ ಆದೇಶದಿಂದ ಅದು ನಮ್ಮ ಕೈಸೇರುತ್ತಿರಲಿಲ್ಲ.

ಜರ್ಮನಿಯ ರಾಜ್ಯಶಾಸ್ತ್ರಜ್ಞ ಫ್ರಿಟ್ಜ್ ಶಾರ್ಪ್ಫ್ ಇಂತಹ ಮಾತುಕತೆಯನ್ನು ‘ಅಧಿಕಾರ ಶ್ರೇಣಿಯ ನೆರಳಿನಲ್ಲಿ’, ಅಂದರೆ ಒಪ್ಪಂದವಾಗದಿದ್ದರೆ ಮೇಲಿನ ಅಧಿಕಾರವೇ ತೀರ್ಮಾನಿಸುತ್ತದೆ ಎಂಬ ಅರಿವಿನಲ್ಲಿ, ನಡೆಯುವಂಥದ್ದು ಎಂದು ವಿವರಿಸಿದ್ದಾರೆ. ಯುರೋಪಿಯನ್ ಒಕ್ಕೂಟದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಬಹುರಾಷ್ಟ್ರೀಯ ಕಂಪನಿಗಳಲ್ಲಿ ಕಾರ್ಮಿಕ ಮಂಡಳಿಗಳನ್ನು (ಆಡಳಿತ ವರ್ಗದೊಂದಿಗೆ ಸಮಾಲೋಚಿಸುವ ಕಾರ್ಮಿಕ ಪ್ರತಿನಿಧಿಗಳ ಸಮಿತಿಗಳನ್ನು) ರಚಿಸುವ ಬಗ್ಗೆ ಮಾಲೀಕರ ಮತ್ತು ಕಾರ್ಮಿಕರ ಸಂಘಟನೆಗಳ ಮಾತು ಮುರಿದುಬಿದ್ದಾಗ, 1994ರಲ್ಲಿ ಯುರೋಪಿಯನ್ ಒಕ್ಕೂಟವೇ ನಿರ್ದೇಶನ ಹೊರಡಿಸಿತು. ಮರುವರ್ಷ ಪೋಷಕರ ರಜೆಯ ವಿಷಯ ಬಂದಾಗ ಅದೇ ಪಕ್ಷಗಳು ತಾವೇ ಒಪ್ಪಂದಕ್ಕೆ ಬಂದವು, 1996ರಲ್ಲಿ ಆ ಒಪ್ಪಂದವೇ ಕಾನೂನಿನ ರೂಪ ಪಡೆಯಿತು. ಸರ್ಕಾರ ಹೇಳಿದ್ದನ್ನು ಮಾಡಿಯೇ ತೀರುತ್ತದೆ ಎಂದು ಮೊದಲೊಮ್ಮೆ ತೋರಿಸಿಕೊಟ್ಟಿದ್ದರಿಂದಲೇ ಇದು ಸಾಧ್ಯವಾಯಿತೆಂದು ನನ್ನ ಎಣಿಕೆ. ಕಾನೂನಿನ ಬಲವಾಗಲಿ ಶಾಸನಸಭೆಯ ಬೆಂಬಲವಾಗಲಿ ಇಲ್ಲದ ಇಲಾಖೆ ಗಡುವು ವಿಧಿಸಿದರೆ ಯಾರೂ ಕದಲುವುದಿಲ್ಲ.

ಇಲಾಖೆಗಳ ನಡುವಿನ ಮಾತುಕತೆಗೆ ಬೇರೆಯದೇ ಕಷ್ಟವಿದೆ, ಏಕೆಂದರೆ ಅಲ್ಲಿ ಎಲ್ಲರೂ ಸಮಾನ ದರ್ಜೆಯವರು. ವಿವಾದ ಸಚಿವ ಸಂಪುಟಕ್ಕೆ ಹೋದರೆ ತೀರ್ಮಾನ ತಮ್ಮ ಕೈತಪ್ಪುತ್ತದೆ ಎಂಬ ಅರಿವೇ ಅವರನ್ನು ರಾಜಿಗೆ ತರುತ್ತದೆ, ಆದರೆ ಪ್ರತಿಯೊಂದಕ್ಕೂ ಮೇಲಕ್ಕೆ ಕಡತ ಕಳಿಸುವವನ ಮಾತಿಗೆ ಬೆಲೆ ಉಳಿಯುವುದಿಲ್ಲ.

ಯಾವುದನ್ನು ಮಾತುಕತೆಗೆ ಬಿಡಬಾರದು ಎಂಬುದನ್ನೂ ನಾನು ಮೊದಲೇ ಬರೆದಿಡುತ್ತೇನೆ. ತ್ಯಾಜ್ಯನೀರಿನ ಆ ನಿಯಮದಲ್ಲಿ ಗಡುವು, ಮಾಪಕದ ಬಗೆ, ವರದಿಯ ನಮೂನೆ ಚರ್ಚೆಗೆ ಮುಕ್ತವಾಗಿದ್ದವು. ನೀರಿನಲ್ಲಿರಬಹುದಾದ ಮಾಲಿನ್ಯದ ಮಿತಿ ಮುಕ್ತವಾಗಿರಲಿಲ್ಲ. ಹೊಳೆಯ ಕೆಳಭಾಗದಲ್ಲಿ ಅದೇ ನೀರು ಬಳಸುವವರು ಆ ಸಭೆಯಲ್ಲಿರಲಿಲ್ಲವಾದ್ದರಿಂದ, ಅವರ ಪಾಲಿನದನ್ನು ಚೌಕಾಸಿಗೆ ಇಡುವ ಅಧಿಕಾರ ಅಲ್ಲಿದ್ದ ಯಾರಿಗೂ ಇರಲಿಲ್ಲ.