ಸೌತ್ ಬೀಚ್ ಡಯೆಟ್: ಇಳಿದ ತೂಕ ಮರಳದಿದ್ದದ್ದು ಎರಡನೇ ಹಂತದಿಂದ

ಸೌತ್ ಬೀಚ್ ಡಯೆಟ್ ಹಿಡಿದು ಸುಮಾರು ಹದಿನಾಲ್ಕು ಕಿಲೋ ಇಳಿದಿದ್ದೇನೆ. ಒಂದೂವರೆ ವರ್ಷದ ಮೇಲಾಯಿತು, ವಾಪಸ್ ಬಂದಿಲ್ಲ. "ಎರಡು ವಾರ ಇಳಿಯುತ್ತೆ, ಮೂರು ತಿಂಗಳಿಗೆ ಬಡ್ಡಿ ಸಮೇತ ಬರುತ್ತೆ" ಎಂದಿದ್ದವರೇ ಈಗ ಊಟದ ಪಟ್ಟಿ ಕೇಳುತ್ತಿದ್ದಾರೆ. ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಅದನ್ನು ತಿಂಗಳುಗಟ್ಟಲೆ ನಡೆಸಿಕೊಂಡು ಹೋದದ್ದು ಹೇಗೆ ಅಂತ ಹೇಳುತ್ತೇನೆ.

ಇದಕ್ಕೆ ಮೊದಲು ಕೊಬ್ಬು ಬಿಟ್ಟು ನೋಡಿದ್ದೆ. ಊಟವಾಗಿ ಎರಡು ಗಂಟೆಗೆ ಮತ್ತೆ ಹಸಿವು. ಆಮೇಲೆ ಊಟದ ಬದಲು ಕುಡಿಯುವ ಪೌಡರ್. ತಿಂಗಳ ದಿನಸಿ ಖರ್ಚಿನ ಮುಕ್ಕಾಲು ಪಾಲು ಅದೊಂದಕ್ಕೇ ಹೋಗುತ್ತಿತ್ತು. ನಿಲ್ಲಿಸಿದ ಮೇಲೆ ಇಳಿದದ್ದಕ್ಕಿಂತ ಎರಡು ಕಿಲೋ ಹೆಚ್ಚೇ ಬಂತು.

ಸೌತ್ ಬೀಚ್ ಹಿಡಿದದ್ದು ಅದು ಹೃದ್ರೋಗಿಗಳಿಗಾಗಿ ಹುಟ್ಟಿದ್ದು ಎಂಬ ಕಾರಣಕ್ಕೆ. ಮಯಾಮಿಯ ಹೃದ್ರೋಗ ತಜ್ಞ ಆರ್ಥರ್ ಆಗಟ್‌ಸ್ಟನ್ 1990ರ ದಶಕದಲ್ಲಿ ತಮ್ಮ ರೋಗಿಗಳಿಗೆ ಹೇಳಿಕೊಟ್ಟ ಊಟದ ಕ್ರಮ ಅದು. 2003ರಲ್ಲಿ ಪುಸ್ತಕವಾದ ಮೇಲೆ ಜಗತ್ತಿಡೀ ಹಬ್ಬಿತು. ಅದರಲ್ಲಿ ಮೂರು ಹಂತ: ಮೊದಲ ಎರಡು ವಾರ ಬ್ರೆಡ್, ಅನ್ನ, ಹಣ್ಣು, ಸಕ್ಕರೆ ಬಿಡುವುದು, ಎರಡನೆಯದರಲ್ಲಿ ಅವುಗಳಲ್ಲಿ ಕೆಲವನ್ನು ನಿಧಾನವಾಗಿ ಮರಳಿಸುವುದು, ಮೂರನೆಯದು ಇಳಿದ ತೂಕವನ್ನು ಉಳಿಸಿಕೊಳ್ಳುವುದು.

ಮೊದಲ ಹಂತದ ಎರಡು ವಾರದಲ್ಲಿ ಮೂರೂವರೆಯಿಂದ ಆರು ಕಿಲೋ ಇಳಿಯುತ್ತದೆ ಎಂಬ ಭರವಸೆ ಇದೆಯಲ್ಲ, ನನಗೆ ನಾಲ್ಕರ ಆಸುಪಾಸು ಇಳಿಯಿತು. ಅದರಲ್ಲಿ ಬಹುಪಾಲು ನೀರು. ದೇಹದಲ್ಲಿ ಕೂಡಿಟ್ಟ ಒಂದು ಗ್ರಾಂ ಗ್ಲೈಕೋಜನ್ (ದೇಹದ ಸಕ್ಕರೆ ದಾಸ್ತಾನು) ಜೊತೆ ಸುಮಾರು ಮೂರು ಗ್ರಾಂ ನೀರಿರುತ್ತದೆ, ಅದು ಕರಗಿದಾಗ ನೀರೂ ಹೊರಟುಹೋಗುತ್ತದೆ. ಈ ಲೆಕ್ಕ ತಲೆಯಲ್ಲಿದ್ದರೆ ಮುಂದೆ ವಾರಕ್ಕೆ ಅರ್ಧ ಕಿಲೋ ಇಳಿದಾಗ ಎದೆಗುಂದುವುದಿಲ್ಲ. ಮೂರನೇ ದಿನದಿಂದ ತಲೆನೋವು ಬಂತು. ತರಕಾರಿ ಸೂಪಿಗೆ ಸ್ವಲ್ಪ ಉಪ್ಪು ಹೆಚ್ಚಿಸಿದ ಮೇಲೆ ಹೋಯಿತು. ಮಲಬದ್ಧತೆಗೆ ಕಾಳುಗಳೇ ಸಾಕಾದವು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಈ ಹಂತಕ್ಕೆ ಕೈ ಹಾಕಲೇಬೇಡಿ, ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಬಹಳ ಜನ ಕೈಚೆಲ್ಲುವುದು ಎರಡನೇ ಹಂತದಲ್ಲಿ. ಬ್ರೆಡ್, ಅನ್ನ, ಹಣ್ಣು ಎಲ್ಲ ಒಂದೇ ವಾರದಲ್ಲಿ ತಟ್ಟೆಗೆ ಮರಳುತ್ತವೆ. ನಾನು ವಾರಕ್ಕೆ ಒಂದೇ ಪದಾರ್ಥ ಸೇರಿಸಿದೆ. ದಿನಾ ಬೆಳಿಗ್ಗೆ ತೂಕ, ವಾರದ ಕೊನೆಗೆ ಸರಾಸರಿ, ತಿಂಗಳಿಗೊಮ್ಮೆ ಸೊಂಟದ ಅಳತೆ. ಸೇಬು ಸೇರಿಸಿದಾಗ ಏನೂ ಆಗಲಿಲ್ಲ. ಇಡಿ ಗೋಧಿಯ ಬ್ರೆಡ್ ಸೇರಿಸಿದ ವಾರ ಸಂಜೆಯ ತಿನ್ನುವ ಚಪಲ ಮರಳಿ ಬಂತು. ಯಾವ ಪಟ್ಟಿಯೂ ಇದನ್ನು ನಿಮಗೆ ಹೇಳಲಾರದು, ನಿಮ್ಮ ನೋಟ್‌ಬುಕ್ಕೇ ಹೇಳಬೇಕು.

ಎಂಟು ಕಿಲೋ ಇಳಿದ ಹೊತ್ತಿಗೆ ತೂಕದ ಮುಳ್ಳು ನಿಂತಿತು. ಒಂದು ತಿಂಗಳ ಮೇಲೂ ಅಲ್ಲಾಡಲಿಲ್ಲ. ಮತ್ತೆ ಮೊದಲ ಹಂತಕ್ಕೆ ಹೋಗು ಎಂದು ಎಲ್ಲರೂ ಹೇಳಿದರು. ನಾನು ಹೋಗಲಿಲ್ಲ, ತಕ್ಕಡಿ ತಂದು ದಿನದ ತಿಂಡಿಯನ್ನೆಲ್ಲ ತೂಗಿದೆ. ಎರಡು ಹಿಡಿ ಬಾದಾಮಿ ಎಪ್ಪತ್ತು ಗ್ರಾಂ ಹತ್ತಿರ, ಅಂದರೆ ನಾನೂರು ಕ್ಯಾಲೊರಿ! ಯೋಜನೆ ಬಾದಾಮಿಗೆ ಒಪ್ಪಿಗೆ ಕೊಡುತ್ತದೆ, ಆದರೆ ಲೆಕ್ಕ ಹಾಕಿ. ಅದನ್ನು ಮೂರನೇ ಒಂದಕ್ಕೆ ಇಳಿಸಿದ ಎರಡನೇ ವಾರದಿಂದಲೇ ತೂಕ ಮತ್ತೆ ಇಳಿಯತೊಡಗಿತು.

ನಡುವೆ ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್ ಹಿಡಿದು ಒಂದಿಷ್ಟು ಪ್ರಯೋಗವನ್ನೂ ಮಾಡಿದೆ. ಬೇಯಿಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟ ಆಲೂಗಡ್ಡೆ, ಬಿಸಿಬಿಸಿ ಆಲೂಗಡ್ಡೆಗಿಂತ ನನ್ನ ಸಕ್ಕರೆಯನ್ನು ಕೊಂಚ ಕಡಿಮೆ ಏರಿಸಿತು. ಅದಕ್ಕಿಂತ ದೊಡ್ಡ ವ್ಯತ್ಯಾಸ ಕಂಡದ್ದು ತರಕಾರಿ, ಮೊಟ್ಟೆ ಮೊದಲು ತಿಂದು ಬ್ರೆಡ್ಡನ್ನು ಕೊನೆಗೆ ತಿಂದಾಗ. ಆ ತಿಂಗಳು ಗ್ಲುಕೋಮೀಟರ್‌ನ ಪರೀಕ್ಷಾ ಸ್ಟ್ರಿಪ್‌ಗಳಿಗೆ ಹೋದ ದುಡ್ಡು ತರಕಾರಿಯ ಖರ್ಚನ್ನು ಮೀರಿತು, ಆದರೂ ಕಲಿತದ್ದು ಈಗಲೂ ಉಪಯೋಗಕ್ಕೆ ಬರುತ್ತಿದೆ. ಒಟ್ಟು ದಿನಸಿ ಖರ್ಚು ಮೊದಲ ಹಂತದಲ್ಲಿ ಒಂದೂವರೆ ಪಟ್ಟಾಗಿತ್ತು. ಮೀನು ಕಡಿಮೆ ಮಾಡಿ ಕಾಳು, ಮೊಟ್ಟೆ ಹೆಚ್ಚಿಸಿದ ಮೇಲೆ ಹಳೆಯ ಮಟ್ಟಕ್ಕೆ ಇಳಿಯಿತು. ಡಯೆಟ್ ಹೆಸರು ಅಂಟಿಸಿದ ಪ್ಯಾಕೆಟ್ ಒಂದನ್ನೂ ಕೊಳ್ಳಲಿಲ್ಲ.

ಕಾರ್ಬ್ (ಅನ್ನ, ಬ್ರೆಡ್, ಸಕ್ಕರೆಯಂಥ ಪಿಷ್ಟ-ಸಿಹಿ ಪದಾರ್ಥ) ಬಿಟ್ಟದ್ದರಿಂದಲೇ ಇಳಿದೆ ಎಂದು ನಾನು ವಾದಿಸುವುದಿಲ್ಲ. 2018ರಲ್ಲಿ ಪ್ರಕಟವಾದ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 609 ಜನರನ್ನು ಕಡಿಮೆ ಕೊಬ್ಬು, ಕಡಿಮೆ ಕಾರ್ಬ್ ಎಂದು ಎರಡು ಗುಂಪು ಮಾಡಿ ವರ್ಷವಿಡೀ ನೋಡಿದರು. ಒಂದು ಗುಂಪು ಸರಾಸರಿ 5.3 ಕಿಲೋ, ಇನ್ನೊಂದು 6 ಕಿಲೋ ಇಳಿಯಿತು, ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಸೌತ್ ಬೀಚ್ ನನಗೆ ಒಗ್ಗಿದ್ದು ಹಸಿವು ಕಾಡದೆ ವರ್ಷ ದಾಟಿಸಿತು ಎಂಬುದಕ್ಕೆ.

ಈಗ ಮೂರನೇ ಹಂತ. ವಾರದ ಸರಾಸರಿ ಒಂದೂವರೆ ಕಿಲೋ ಏರಿದರೆ ಎರಡನೇ ಹಂತದ ಮೊದಲ ವಾರದ ಊಟಕ್ಕೆ ಮರಳುತ್ತೇನೆ, ಹತ್ತು ದಿನದೊಳಗೆ ಸರಿಹೋಗುತ್ತದೆ. ಔತಣವಿದ್ದ ದಿನ ಬೆಳಿಗ್ಗೆ ಏನು ತಿನ್ನುತ್ತೇನೆ ಎನ್ನುವುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಇನ್ನೂ ಆರು ತಿಂಗಳು ನೋಡಬೇಕಿದೆ.